ಮೂಕಜ್ಜಿಗೆ ಎಷ್ಟು ಅಂಕ?

ಕಳೆದ ವರ್ಷ ಜುಲೈ ತಿಂಗಳಲ್ಲಿ ಕ್ಷೇತ್ರಕಾರ್ಯದ ತರಬೇತಿಗೆಂದು ನಾವು ಆರು ಜನ ಸಂಶೋಧನಾ ವಿದ್ಯಾರ್ಥಿಗಳು ಮಂಡ್ಯದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಕೈಯಲ್ಲಿ ಮೂವತ್ತು ಅಂಕಗಳ ಒಂದು ನಮೂನೆ. ವಯಸ್ಸಾದವರ ನೆನಪು, ಗಮನ, ಭಾಷೆ ಇವೆಲ್ಲ ಎಷ್ಟರ ಮಟ್ಟಿಗೆ ನೆಟ್ಟಗಿವೆ ಎಂದು ಹತ್ತು ನಿಮಿಷದಲ್ಲಿ ಅಳೆಯುವ ಪ್ರಶ್ನಾವಳಿ ಅದು. ಅಮೆರಿಕದ ಮನೋವೈದ್ಯ ಮಾರ್ಷಲ್ ಫೋಲ್‌ಸ್ಟೀನ್ ಮತ್ತು ಅವರ ಸಂಗಡಿಗರು 1975ರಲ್ಲಿ ರೂಪಿಸಿದ್ದು, ಇವತ್ತಿಗೂ ಜಗತ್ತಿನ ತುಂಬ ಬಳಕೆಯಲ್ಲಿದೆ. ಅದರ ಮೊದಲ ಐದು ಅಂಕ ಕಾಲದ ಅರಿವಿಗೆ: ಇದು ಯಾವ ವರ್ಷ, ಯಾವ ಋತು, ಯಾವ ತಿಂಗಳು, ಯಾವ ತಾರೀಕು, ಯಾವ ವಾರ.

ಜಗಲಿಯ ಮೇಲೆ ಕೂತು ಅವರೆಕಾಳು ಆರಿಸುತ್ತಿದ್ದ ಎಂಬತ್ತರ ಸುಮಾರಿನ ಅಜ್ಜಿಯೊಬ್ಬರ ಎದುರು ನಾನು ಕೂತೆ. "ಅಜ್ಜೀ, ಇವತ್ತು ಯಾವ ತಾರೀಕು?" ಎಂದು ಕೇಳಿದೆ. ಅವರು ಕಾಳಿನಿಂದ ಕಣ್ಣು ತೆಗೆಯದೆ, "ತಾರೀಕು ಕಟ್ಕೊಂಡು ನಂಗೇನಾಗ್ಬೇಕವ್ವ? ಪುಷ್ಯ ಮಳೆ ಹಿಡ್ದು ನಾಕ್ ದಿನ ಆಯ್ತು ನೋಡು" ಅಂದರು. ಋತುವಿನ ಎದುರು ಒಂದು ಅಂಕ ಹಾಕಿದೆ, ಮಳೆಗಾಲ ಎಂಬುದು ಗೊತ್ತಿದೆ ಎಂದು. ತಾರೀಕಿಗೆ ಸೊನ್ನೆ, ತಿಂಗಳಿಗೆ ಸೊನ್ನೆ, ವರ್ಷಕ್ಕೆ ಸೊನ್ನೆ. ಒಂದು ವಾಕ್ಯ ಬರೆಯಿರಿ ಎಂಬ ಪ್ರಶ್ನೆ ಬಂದಾಗ ಅಜ್ಜಿ ನಕ್ಕು, "ನಂಗೆ ಹೆಬ್ಬೆಟ್ಟೇ ಗತಿ" ಅಂದರು. ಅಲ್ಲೂ ಸೊನ್ನೆ. ಕೊನೆಗೆ ಕೂಡಿಸಿ ನೋಡಿದರೆ ಅಜ್ಜಿಯ ಮೊತ್ತ ಮರೆವಿನ ಕಾಯಿಲೆಯ ಅನುಮಾನ ಪಡಬೇಕಾದ ಗೆರೆಯ ಕೆಳಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಈ ಮಾತು ಬಂತು. ರೈತರ ಮನೆಯಿಂದ ಬಂದ ಗೆಳೆಯನೊಬ್ಬ ತನ್ನ ಫೋನಿನಲ್ಲಿದ್ದ ಪಂಚಾಂಗ ತೆಗೆದು ತೋರಿಸಿದ. ಪುಷ್ಯ ಮಳೆ ಹುಟ್ಟಿದ್ದು ಜುಲೈ 20. ನಾವು ಹಳ್ಳಿಯಲ್ಲಿದ್ದದ್ದು ಜುಲೈ 23. ಅಜ್ಜಿ ತಾರೀಕನ್ನೂ ತಿಂಗಳನ್ನೂ ಒಂದು ದಿನದ ತಪ್ಪಿಲ್ಲದೆ ಹೇಳಿದ್ದರು. ಆ ಲೆಕ್ಕ ಗೊತ್ತಿರದಿದ್ದವಳು ನಾನು.

ಈ ಬರಹ ಆ ಸೊನ್ನೆಯಿಂದ ಹುಟ್ಟಿದ್ದು. ನನ್ನ ಪಿಎಚ್‌ಡಿ ಇರುವುದು ಕನ್ನಡ ಕಥನದಲ್ಲಿ ಮುಪ್ಪಿನ ಚಿತ್ರಣದ ಬಗ್ಗೆ. ಅದಕ್ಕಾಗಿ ಎರಡು ಸೆಮಿಸ್ಟರ್ ಜೆರೊಂಟಾಲಜಿ, ಅಂದರೆ ವೃದ್ಧಾಪ್ಯಶಾಸ್ತ್ರದ ಪಾಠಗಳಿಗೆ ಕೂತೆ. ಕನ್ನಡ ಎಂ.ಎ. ಮುಗಿಸಿ ಬಂದವಳಿಗೆ ಆ ತರಗತಿ ಹೊಸ ಊರಿದ್ದಂತಿತ್ತು. ಅಲ್ಲಿ ಕಲಿತದ್ದನ್ನು ಇಟ್ಟುಕೊಂಡು ನಮ್ಮ ಪರಿಚಿತ ಕೃತಿಗಳನ್ನು ಮತ್ತೆ ಓದಿದರೆ ಏನು ಕಾಣುತ್ತದೆ, ನಮ್ಮ ಕೃತಿಗಳನ್ನು ಇಟ್ಟುಕೊಂಡು ಆ ಶಾಸ್ತ್ರವನ್ನು ನೋಡಿದರೆ ಅದರಲ್ಲಿ ಏನು ಕೊರತೆ ಕಾಣುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

ಮೊದಲು ಶಾಸ್ತ್ರದ ಬಗ್ಗೆ ನಾಲ್ಕು ಮಾತು. ಜೆರೊಂಟಾಲಜಿ ಎಂಬ ಹೆಸರನ್ನು 1903ರಲ್ಲಿ ಕೊಟ್ಟವರು ರಷ್ಯಾ ಮೂಲದ ಜೀವವಿಜ್ಞಾನಿ ಎಲೀ ಮೆಚ್ನಿಕಾಫ್. ಮುಪ್ಪು ಎಂದರೆ ದೇಹದ ಸವೆತವಷ್ಟೇ ಅಲ್ಲ, ಅದೊಂದು ಸಾಮಾಜಿಕ ಸ್ಥಿತಿಯೂ ಹೌದು ಎಂಬ ಚರ್ಚೆ ಬಲಗೊಂಡಿದ್ದು ಎರಡನೇ ಮಹಾಯುದ್ಧದ ನಂತರದ ಅಮೆರಿಕದಲ್ಲಿ. 1961ರಲ್ಲಿ ಎಲೇನ್ ಕಮ್ಮಿಂಗ್ ಮತ್ತು ವಿಲಿಯಂ ಹೆನ್ರಿ ಒಂದು ಸಿದ್ಧಾಂತ ಮುಂದಿಟ್ಟರು: ವಯಸ್ಸಾದಂತೆ ಮನುಷ್ಯ ಸಮಾಜದಿಂದ, ಸಮಾಜ ಮನುಷ್ಯನಿಂದ ಮೆಲ್ಲನೆ ಹಿಂದೆ ಸರಿಯುವುದು ಸಹಜ, ಇಬ್ಬರಿಗೂ ಒಳ್ಳೆಯದು. ಇದನ್ನು ಕಳಚಿಕೊಳ್ಳುವಿಕೆಯ ಸಿದ್ಧಾಂತ ಎನ್ನಬಹುದು. ರಾಬರ್ಟ್ ಹ್ಯಾವಿಗರ್ಸ್ಟ್ ಮತ್ತಿತರರು ಒಪ್ಪಲಿಲ್ಲ. ಚಟುವಟಿಕೆಯಿಂದ ಇರುವವರೇ ನೆಮ್ಮದಿಯಿಂದ ಇರುತ್ತಾರೆ ಎಂದರು. 1987ರಲ್ಲಿ ಜಾನ್ ರೋ ಮತ್ತು ರಾಬರ್ಟ್ ಕಾನ್ 'ಯಶಸ್ವಿ ಮುಪ್ಪು' ಎಂಬ ಮಾತನ್ನು ಮುನ್ನೆಲೆಗೆ ತಂದರು. ಅಂದಿನಿಂದ ಮುಪ್ಪಿನಲ್ಲೂ ಪಾಸು ಫೇಲು ಶುರುವಾಯಿತು ಎಂದು ನನ್ನಂಥ ವಿದ್ಯಾರ್ಥಿಗಳಿಗೆ ಅನ್ನಿಸುತ್ತದೆ.

ಈ ಸಿದ್ಧಾಂತಗಳನ್ನು ಕೇಳುವಾಗ ಕನ್ನಡದ ವಿದ್ಯಾರ್ಥಿಯ ತಲೆಯಲ್ಲಿ ತಾನಾಗಿ ಏಳುವ ಮುಖ ಮೂಕಜ್ಜಿಯದು.

ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ಬಂದದ್ದು 1968ರಲ್ಲಿ. ಕಾರಂತರಿಗೆ ಆಗ ಅರವತ್ತಾರು. ಒಂಬತ್ತು ವರ್ಷಗಳ ಬಳಿಕ, 1977ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಾಗ ಈ ಕಾದಂಬರಿ ದೇಶದ ಗಮನ ಸೆಳೆಯಿತು. ಹತ್ತು ವರ್ಷ ತುಂಬುವ ಮೊದಲೇ ವಿಧವೆಯಾದ, ಎಂಬತ್ತರ ಆಸುಪಾಸಿನ ಅಜ್ಜಿ. ಅವಳ ಮಾತನ್ನು ಕೇಳುವ ಮೊಮ್ಮಗ ಸುಬ್ಬರಾಯ. ಯಾವುದೋ ಹಳೆಯ ವಸ್ತುವನ್ನು ಅವಳ ಕೈಗಿತ್ತರೆ ಅದರ ಹಿಂದಿನ ಕಾಲ ಅವಳಿಗೆ ಕಾಣುತ್ತದೆ. ಗುಹೆಯ ಮನುಷ್ಯರಿಂದ ಹಿಡಿದು ದೇವರುಗಳು ಹುಟ್ಟಿದ, ಬದಲಾದ ಕಥೆಯವರೆಗೆ ಅವಳ ಕಾಣ್ಕೆ ಹಬ್ಬುತ್ತದೆ.

ಈ ಕಾದಂಬರಿಯನ್ನು ನಮ್ಮ ತರಗತಿಗಳಲ್ಲಿ ಹೇಗೆ ಓದಿಸುತ್ತಾರೆ ಎಂಬುದು ಗೊತ್ತಿರುವ ಸಂಗತಿ. ಮೂಕಜ್ಜಿ ಎಂದರೆ ಸಂಸ್ಕೃತಿಯ ಸ್ಮೃತಿ. ಮೂಕಜ್ಜಿ ಎಂದರೆ ಕಾರಂತರ ವೈಚಾರಿಕತೆಯ ವಾಹಕ. ಅವಳ ಮಾತಿನಲ್ಲಿ ಧರ್ಮ ಮತ್ತು ಕಾಮದ ಕುರಿತ ಲೇಖಕರ ನಿಲುವುಗಳಿವೆ. ಪರೀಕ್ಷೆಯಲ್ಲಿ ನಾನೂ ಹೀಗೇ ಬರೆದು ಅಂಕ ಪಡೆದಿದ್ದೇನೆ. ಇದು ತಪ್ಪು ಓದಲ್ಲ. ಆದರೆ ಈ ಓದಿನಲ್ಲಿ ಅಜ್ಜಿಯ ಮಾತು ಉಳಿದು ಅಜ್ಜಿ ಮಾಯವಾಗುತ್ತಾಳೆ. ಅವಳು ಮುದುಕಿ ಎಂಬುದು ಬರೀ ವೇಷದಂತಾಗುತ್ತದೆ. ಅವಳ ಜಾಗದಲ್ಲಿ ನಲವತ್ತು ವರ್ಷದ ಮೇಷ್ಟ್ರೊಬ್ಬನಿದ್ದರೂ ಇದೇ ವಿಚಾರಗಳನ್ನು ಹೇಳಬಹುದಿತ್ತಲ್ಲ? ಕಾರಂತರು ಯಾಕೆ ಮುದುಕಿಯನ್ನೇ ಆರಿಸಿಕೊಂಡರು?

ವೃದ್ಧಾಪ್ಯಶಾಸ್ತ್ರದ ಓದು ನನಗೆ ನೆರವಾಗಿದ್ದು ಇಲ್ಲಿ. ಸಾರಾ ಲ್ಯಾಂಬ್ ಎಂಬ ಮಾನವಶಾಸ್ತ್ರಜ್ಞೆ ಪಶ್ಚಿಮ ಬಂಗಾಳದ ಹಳ್ಳಿಯೊಂದರಲ್ಲಿ ನೆಲೆಸಿ ಮುದುಕಿಯರ ಬಗ್ಗೆ ಬರೆದ ಪುಸ್ತಕ 2000ದಲ್ಲಿ ಬಂತು. ವಯಸ್ಸಾದ ಹೆಂಗಸರಿಗೆ ಓಡಾಟದಲ್ಲಿ, ಮಾತಿನಲ್ಲಿ ಮೊದಲಿಲ್ಲದ ಸಡಿಲ ಸಿಗುವುದನ್ನು ಆಕೆ ಗುರುತಿಸುತ್ತಾರೆ. ಅವರ ದೇಹದ ಮೇಲೆ ಊರಿನ ಕಾವಲು ಕಡಿಮೆಯಾಗುತ್ತದೆ. ಇದನ್ನು ಓದಿ ಮೂಕಜ್ಜಿಯ ಕಡೆಗೆ ತಿರುಗಿದರೆ ಕಾದಂಬರಿಯ ಒಂದು ಗಂಟು ಬಿಚ್ಚಿಕೊಳ್ಳುತ್ತದೆ. ಸಂಭೋಗದ ಬಗ್ಗೆ, ಸನ್ಯಾಸದ ಬಗ್ಗೆ, ದೇವರ ಬಗ್ಗೆ ಅವಳು ಆಡುವ ಮಾತನ್ನು ಒಬ್ಬ ಇಪ್ಪತ್ತೈದರ ವಿಧವೆ ಆಡಿದ್ದರೆ ಮನೆಯಲ್ಲಿ ಅವಳಿಗೆ ಜಾಗವಿರುತ್ತಿತ್ತೆ? ಎಂಬತ್ತು ದಾಟಿದ್ದರಿಂದ ಅವಳು ಬಚಾವು. ಅಂದರೆ ಅವಳ ಮುಪ್ಪು ಮಾತಿಗೆ ಸಿಕ್ಕ ರಹದಾರಿ. ಅವಳ ಹೆಸರಿನಲ್ಲೇ ಇರುವ ಮೂಕತನವನ್ನೂ ಆಗ ಬೇರೆ ಥರ ಓದಬೇಕಾಗುತ್ತದೆ: ಸುಮಾರು ಎಪ್ಪತ್ತು ವರ್ಷ ಮಾತನ್ನು ಒಳಗಿಟ್ಟುಕೊಂಡು, ಯಾರೂ ತನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಯಸ್ಸು ಬಂದ ಮೇಲೆ ಅವಳು ಬಾಯಿ ಬಿಡುತ್ತಾಳೆ.

ಎರಡನೆಯದು ನೆನಪಿನ ಪ್ರಶ್ನೆ. 1963ರಲ್ಲಿ ರಾಬರ್ಟ್ ಬಟ್ಲರ್ ಎಂಬ ಮನೋವೈದ್ಯ ಒಂದು ಪ್ರಬಂಧ ಬರೆದರು. ಮುದುಕರು ಹಳೆಯದನ್ನೇ ಮತ್ತೆ ಮತ್ತೆ ಹೇಳುವುದನ್ನು ಅಲ್ಲಿಯತನಕ ವೈದ್ಯರು ಬುದ್ಧಿ ಕುಂದಿದ್ದರ ಲಕ್ಷಣ ಎಂದೇ ಎಣಿಸುತ್ತಿದ್ದರು. ಬಟ್ಲರ್ ಅದನ್ನು ಬದುಕಿನ ಮರುಪರಿಶೀಲನೆ ಎಂದು ಕರೆದರು. ಸಾವು ಹತ್ತಿರವಾದಾಗ ಮನುಷ್ಯ ತನ್ನ ಬದುಕನ್ನು ತಾನೇ ತೂಗಿ ನೋಡುತ್ತಾನೆ, ಅದು ಅವನಿಗೆ ಬೇಕಾದ ಕೆಲಸ ಎಂದರು. ವಯಸ್ಸಿನ ಕಾರಣಕ್ಕೆ ಜನರನ್ನು ಕೀಳಾಗಿ ಕಾಣುವುದಕ್ಕೆ 'ಏಜಿಸಂ' ಎಂಬ ಪದ ಟಂಕಿಸಿದವರೂ ಇದೇ ಬಟ್ಲರ್, 1969ರಲ್ಲಿ. ಇಡೀ ಶಾಸ್ತ್ರದಲ್ಲಿ ನನಗೆ ತುಂಬ ಹತ್ತಿರ ಅನ್ನಿಸುವ ಹೆಸರು ಅವರದು.

ಆದರೆ ಮೂಕಜ್ಜಿ ಬಟ್ಲರ್ ಅವರ ಚೌಕಟ್ಟಿಗೆ ಸಿಗುವುದಿಲ್ಲ. ಬದುಕಿನ ಮರುಪರಿಶೀಲನೆಗೆ ನಮಗೆ ಕೊಡುವ ಸಂದರ್ಶನದ ಕೈಪಿಡಿಯಲ್ಲಿ ತಲೆಬರಹಗಳಿರುತ್ತವೆ: ಬಾಲ್ಯ, ಓದು, ಮದುವೆ, ಮಕ್ಕಳು, ಉದ್ಯೋಗ, ನಿವೃತ್ತಿ. ಮೂಕಜ್ಜಿಗೆ ಈ ತಲೆಬರಹಗಳ ಕೆಳಗೆ ತುಂಬಲು ಏನಿದೆ? ಮದುವೆ ಎಂದರೆ ನೆನಪಿಗೆ ಬಾರದ ಒಬ್ಬ ಹುಡುಗ. ಮಕ್ಕಳಿಲ್ಲ, ಓದಿಲ್ಲ, ಉದ್ಯೋಗವಿಲ್ಲ, ಹಾಗಾಗಿ ನಿವೃತ್ತಿಯೂ ಇಲ್ಲ. ತನ್ನದೆಂಬ ಬದುಕನ್ನು ಊರು ಅವಳಿಗೆ ಬಿಟ್ಟುಕೊಡಲೇ ಇಲ್ಲ. ಅವಳ ನೆನಪು ತನ್ನ ಬದುಕನ್ನು ಬಿಟ್ಟು ಯಾವುದೋ ಎಲುಬಿನ ಚೂರಿನ, ಕಲ್ಲಿನ, ಅಪರಿಚಿತರ ಬದುಕಿಗೆ ಹರಿಯುವುದು ಇದಕ್ಕಾಗಿಯೇ ಎಂದು ನನಗನ್ನಿಸುತ್ತದೆ. ವಿಮರ್ಶೆ ಇದನ್ನು ಅತೀಂದ್ರಿಯ ಶಕ್ತಿ ಎಂದು ಕರೆದು ಕಥಾತಂತ್ರದ ಲೆಕ್ಕಕ್ಕೆ ಹಾಕುತ್ತದೆ. ನನಗೆ ಅದು ಒಬ್ಬ ಬಾಲವಿಧವೆಯ ಖಾಲಿ ಜಾಗದ ಆಳವನ್ನು ತೋರಿಸುವ ಅಳತೆಯಂತೆ ಕಾಣುತ್ತದೆ. ಅವಳ ಎದೆಯಲ್ಲಿ ಇಷ್ಟು ಜಾಗ ಖಾಲಿ ಇದ್ದುದರಿಂದ ಸಾವಿರಾರು ವರ್ಷಗಳ ಜನ ಅಲ್ಲಿ ಬಂದು ಕೂರಲು ಸಾಧ್ಯವಾಯಿತು. ಊರು ದೂರವಿಟ್ಟ ನಾಗಿಯಂಥವಳ ಬಗ್ಗೆ ಅವಳು ತೋರುವ ಕರುಣೆಯೂ ಈ ಖಾಲಿ ಜಾಗದಿಂದಲೇ ಬಂದದ್ದು.

ಕಾದಂಬರಿಯ ಬಗ್ಗೆ ನನ್ನದೊಂದು ತಕರಾರೂ ಇದೆ. 1963ರಲ್ಲೇ ಸಿಡ್ನಿ ಕ್ಯಾಟ್ಜ್ ಎಂಬ ವೈದ್ಯರು ದಿನನಿತ್ಯದ ಆರು ಕೆಲಸಗಳ ಪಟ್ಟಿ ಮಾಡಿದರು: ಸ್ನಾನ, ಬಟ್ಟೆ ಉಡುವುದು, ಶೌಚಕ್ಕೆ ಹೋಗುವುದು, ಎದ್ದು ಕೂರುವುದು, ಮಲಮೂತ್ರದ ಹಿಡಿತ, ಊಟ. ಮುದುಕರ ಸ್ವಾವಲಂಬನೆಯನ್ನು ಇವತ್ತಿಗೂ ಇದರಿಂದಲೇ ಅಳೆಯುತ್ತೇವೆ. ಈ ಆರು ಪ್ರಶ್ನೆಗಳನ್ನು ಹಿಡಿದು ಮೂಕಜ್ಜಿಯನ್ನು ಓದಿ ನೋಡಿ. ಉತ್ತರ ಸಿಗುವುದು ಕಷ್ಟ. ಅಜ್ಜಿಯ ಮನಸ್ಸು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಕಾರಂತರು ಬೆರಗಿನಿಂದ ಬರೆಯುತ್ತಾರೆ. ಅವಳ ಮಂಡಿಯ ನೋವು, ರಾತ್ರಿ ಎದ್ದರೆ ದೀಪ ಹಿಡಿಯುವವರು, ನೀರು ಕಾಸುವವರು, ಇವೆಲ್ಲ ಹಿನ್ನೆಲೆಗೆ ಸರಿಯುತ್ತವೆ. ಸುಬ್ಬರಾಯ ಅಜ್ಜಿಯ ಮಾತು ಕೇಳುವವನು. ಅಜ್ಜಿಯ ಬಟ್ಟೆ ಒಗೆಯುವ ಪ್ರಶ್ನೆ ಬಂದರೆ ನಾವು ಅವನ ಹೆಂಡತಿ ಸೀತೆಯ ಕಡೆ ನೋಡಬೇಕಾಗುತ್ತದೆ, ಮತ್ತು ಸೀತೆಗೆ ಕಾದಂಬರಿಯಲ್ಲಿ ಅಷ್ಟು ಮಾತಿಲ್ಲ.

ಆರೈಕೆಯ ಭಾರ ಯಾರ ಹೆಗಲಿಗೆ ಎಂಬ ಈ ಪ್ರಶ್ನೆಯನ್ನು ಕನ್ನಡದಲ್ಲಿ ಎಲ್ಲರಿಗಿಂತ ಕಟುವಾಗಿ ಕೇಳಿದ್ದು, ಆಶ್ಚರ್ಯವೆಂದರೆ, ಇಪ್ಪತ್ತರ ಆಚೀಚಿನ ಒಬ್ಬ ಹುಡುಗ. ಗಿರೀಶ ಕಾರ್ನಾಡರ 'ಯಯಾತಿ' ಪ್ರಕಟವಾದದ್ದು 1961ರಲ್ಲಿ, ಕಳಚಿಕೊಳ್ಳುವಿಕೆಯ ಸಿದ್ಧಾಂತ ಹೊರಬಂದ ವರ್ಷವೇ. ಮಹಾಭಾರತದ ಯಯಾತಿ ತನ್ನ ಮುಪ್ಪನ್ನು ಮಗ ಪೂರುವಿಗೆ ಕೊಟ್ಟು ಅವನ ಹರೆಯವನ್ನು ಪಡೆಯುತ್ತಾನೆ. ಅಲ್ಲಿ ಪಿತೃಭಕ್ತಿ ದೊಡ್ಡದಾಗಿ ಕಾಣುತ್ತದೆ. ಕಾರ್ನಾಡರು ಪೂರುವಿಗೆ ಚಿತ್ರಲೇಖೆ ಎಂಬ ಹೊಸ ಹೆಂಡತಿಯನ್ನು ಸೃಷ್ಟಿಸಿ ಕಥೆಯ ತಕ್ಕಡಿಯನ್ನೇ ಅಲುಗಿಸಿದರು. ಅಪ್ಪ ಮಕ್ಕಳ ನಡುವಿನ ಈ ತ್ಯಾಗದ ಒಪ್ಪಂದದಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ಜೀವ ಕಳೆದುಕೊಳ್ಳುವವಳು ಅವಳೇ. ಆರೈಕೆ ಮಾಡುವವರ ಹೊರೆಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಸ್ಟೀವನ್ ಜರಿಟ್ ಮತ್ತು ಸಂಗಡಿಗರು ರೂಪಿಸಿದ್ದು 1980ರಲ್ಲಿ. ಆ ಪ್ರಶ್ನೆಗಳನ್ನು ಓದುವಾಗಲೆಲ್ಲ ನನಗೆ ಚಿತ್ರಲೇಖೆ ನೆನಪಾಗುತ್ತಾಳೆ. ಮಗನ ಪಿತೃಭಕ್ತಿಯನ್ನು ಹೊಗಳುವ ಊರು ಸೊಸೆಯ ಹೆಗಲನ್ನು ನೋಡುವುದಿಲ್ಲ ಎಂಬುದನ್ನು ಆ ನಾಟಕ ಪ್ರಶ್ನಾವಳಿಗಿಂತ ಹತ್ತೊಂಬತ್ತು ವರ್ಷ ಮೊದಲೇ ಹೇಳಿತ್ತು.

ಇಲ್ಲಿಯವರೆಗೆ ಶಾಸ್ತ್ರ ಕೃತಿಗೆ ಕೇಳಿದ ಪ್ರಶ್ನೆಗಳಾದವು. ಈಗ ಕೃತಿ ಶಾಸ್ತ್ರಕ್ಕೆ ಕೇಳುವ ಪ್ರಶ್ನೆ. ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನನ್ನು ತೆಗೆದುಕೊಳ್ಳೋಣ. ಕಳೆದುಹೋದ ಹುಂಜವನ್ನು ಹುಡುಕಿಕೊಂಡು ಊರೆಲ್ಲ ಅಲೆಯುವ ಮುದುಕಿ ಅವಳು. ಜನಸಂಖ್ಯಾಶಾಸ್ತ್ರದಲ್ಲಿ ಅವಲಂಬನೆಯ ಅನುಪಾತ ಎಂಬ ಲೆಕ್ಕವಿದೆ. ದುಡಿಯುವ ವಯಸ್ಸಿನವರು ಇಷ್ಟು ಜನ, ಅವರನ್ನು ಆತುಕೊಂಡ ಮಕ್ಕಳು ಮತ್ತು ಮುದುಕರು ಇಷ್ಟು ಜನ ಎಂದು ಅದು ಹೇಳುತ್ತದೆ. ಅರವತ್ತು ದಾಟಿದವರೆಲ್ಲ ಎರಡನೇ ಸಾಲಿಗೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರು 10.38 ಕೋಟಿ. ಅವರಲ್ಲಿ ಎಷ್ಟು ಸಾಕವ್ವಂದಿರು? ಸಾಕವ್ವ ಯಾರ ಅವಲಂಬಿತಳು? ಆ ಮನೆ ನಿಂತಿರುವುದೇ ಅವಳ ಬಾಯಿಯ ಮೇಲೆ, ಅವಳ ಕಾಲಿನ ಮೇಲೆ. ಅವಳಿಗೆ ನಿವೃತ್ತಿ ಎಂಬ ಪದವೇ ಅರ್ಥವಾಗಲಾರದು. ಕಳಚಿಕೊಳ್ಳಬೇಕಾದರೆ ಮೊದಲು ಸಮಾಜ ಒಳಗೆ ಬಿಟ್ಟುಕೊಂಡಿರಬೇಕು. ಹಸಿವು ಮತ್ತು ಜಾತಿ ಎರಡೂ ಹೊರಗಿಟ್ಟವಳು ಇನ್ನು ಯಾವುದರಿಂದ ಕಳಚಿಕೊಳ್ಳಬೇಕು?

ಸಾಹುಕಾರನ ಕಡಲೆಕಾಯಿಯನ್ನು ರಾತ್ರಿ ಬೆಂಕಿಯ ಸುತ್ತ ಕೂತು ಮನೆಮಂದಿಯೆಲ್ಲ ತಿನ್ನುವ ಭಾಗ 'ಒಡಲಾಳ'ದಲ್ಲಿ ಎಲ್ಲರಿಗೂ ನೆನಪಿರುವಂಥದ್ದು. ಅಲ್ಲಿ ಸಾಕವ್ವ ಉಪದೇಶ ಮಾಡುವ ಅಜ್ಜಿಯಲ್ಲ. ಮಕ್ಕಳು ಮೊಮ್ಮಕ್ಕಳ ಜೊತೆ ಕೂತು ತನ್ನ ಪಾಲು ತಿನ್ನುವ ಇನ್ನೊಂದು ಹಸಿದ ಹೊಟ್ಟೆ. ನಮ್ಮ ಸಾಹಿತ್ಯದ ಅಜ್ಜಿಯರಿಗೆ ಸಾಮಾನ್ಯವಾಗಿ ಹಸಿವೇ ಇರುವುದಿಲ್ಲ, ಅವರು ಉಣಿಸುವವರು. ಮಹಾದೇವರು ಅಜ್ಜಿಗೆ ಹಸಿವು ಕೊಟ್ಟರು, ಜಗಳಗಂಟಿ ಬಾಯಿ ಕೊಟ್ಟರು, ಹುಂಜದ ಮೇಲೆ ತನ್ನದೆಂಬ ಹಕ್ಕು ಕೊಟ್ಟರು. 'ಯಶಸ್ವಿ ಮುಪ್ಪು' ಎಂಬ ಮಾತನ್ನು ಸಾಕವ್ವನ ಎದುರು ಇಟ್ಟರೆ ಆ ಮಾತೇ ನಾಚಿಕೊಳ್ಳಬೇಕು.

ಇನ್ನು ಬುದ್ಧಿ ಕುಂದುವ ಪ್ರಶ್ನೆ. ಅರವತ್ತಕ್ಕೆ ಅರಳು ಮರಳು ಎಂದು ನಾವು ಸಲೀಸಾಗಿ ಹೇಳುತ್ತೇವೆ. ಹಿಂದಿಯಲ್ಲೂ ಅರವತ್ತರ ಸಂಖ್ಯೆಯಿಂದಲೇ ಹುಟ್ಟಿದ 'ಸಠಿಯಾನಾ' ಎಂಬ ಕ್ರಿಯಾಪದವಿದೆ. ಲಾರೆನ್ಸ್ ಕೋಹೆನ್ ಎಂಬ ಮಾನವಶಾಸ್ತ್ರಜ್ಞರು ವಾರಾಣಸಿಯಲ್ಲಿ ನಡೆಸಿದ ಅಧ್ಯಯನದ ಪುಸ್ತಕ 1998ರಲ್ಲಿ ಬಂತು. ಅವರು ಈ ಪದವನ್ನು ಕೂಲಂಕಷವಾಗಿ ನೋಡುತ್ತಾರೆ. ಅಮೆರಿಕದಲ್ಲಿ ಮುದುಕರ ಅಸಂಬದ್ಧ ಮಾತು ಮಿದುಳಿನ ಕಾಯಿಲೆಯ ಸೂಚನೆಯಾದರೆ, ಇಲ್ಲಿ ಅದು ಮನೆಯವರು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂಬುದರ ಸೂಚನೆಯಾಗಿ ಕೇಳಿಸುತ್ತದೆ ಎಂಬುದು ಅವರ ಮುಖ್ಯ ಹೊಳಹು. ಕೆಟ್ಟ ಕುಟುಂಬ, ಕೆಟ್ಟ ಕಾಲ ಎಂಬ ಹಳಹಳಿಕೆಯ ಕಥೆಯನ್ನು ನಾವು ಹೇಗೆ ಕಟ್ಟಿಕೊಳ್ಳುತ್ತೇವೆ ಎಂಬುದನ್ನೂ ಅವರು ತೋರಿಸುತ್ತಾರೆ.

ಕನ್ನಡಕ್ಕೆ ಈ ಪದದ ಇನ್ನೊಂದು ಮಗ್ಗುಲೂ ಸಿಕ್ಕಿದೆ. ಅರವತ್ತರ ಹೊತ್ತಿಗೆ ಬೇಂದ್ರೆ ತಮ್ಮ ಸಂಕಲನಕ್ಕೆ 'ಅರಳು ಮರಳು' ಎಂದೇ ಹೆಸರಿಟ್ಟರು. ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಊರು ಮುದುಕರಿಗೆ ಎಸೆಯುವ ಬೈಗುಳವನ್ನೇ ಹಿಡಿದು, ಮರಳಿ ಅರಳುವುದು ಎಂಬ ಅರ್ಥವನ್ನೂ ಅದರೊಳಗಿಂದಲೇ ಹೊರಡಿಸಿದರು. ವೃದ್ಧಾಪ್ಯಶಾಸ್ತ್ರದ ಪಠ್ಯದಲ್ಲಿ ಏಜಿಸಂ ಎಂಬ ಪದ ಹುಟ್ಟುವುದಕ್ಕೆ ಹತ್ತು ವರ್ಷಕ್ಕೂ ಮೊದಲೇ ಧಾರವಾಡದಲ್ಲಿ ಕೂತು ಒಬ್ಬ ಕವಿ ಅದಕ್ಕೆ ಉತ್ತರ ಕೊಟ್ಟಾಗಿತ್ತು. ಇದನ್ನು ನಾನು ತರಗತಿಯಲ್ಲಿ ಹೇಳಿದಾಗ ನನ್ನ ಸಹಪಾಠಿಗಳು, ಬಹುಪಾಲು ಸಮಾಜಕಾರ್ಯ ಓದಿದವರು, ಅದನ್ನು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಸಾಹಿತ್ಯದ ವಿದ್ಯಾರ್ಥಿಗೆ ಅಲ್ಲಿ ಸಿಕ್ಕ ಮೊದಲ ಗೌರವ ಅದು.

ಕೆಟ್ಟ ಕುಟುಂಬದ ಕಥೆಗೆ ಕನ್ನಡದಲ್ಲಿ ಕೊರತೆಯಿಲ್ಲ. ಮಗ ಅಮೆರಿಕದಲ್ಲಿ, ಅಪ್ಪ ವೃದ್ಧಾಶ್ರಮದಲ್ಲಿ, ಕೊನೆಯಲ್ಲಿ ಕಣ್ಣೀರು. ಈ ಸಿದ್ಧ ಅಚ್ಚನ್ನು ಒಡೆದ ಎರಡು ಸಿನಿಮಾಗಳು ಒಂದೇ ವರ್ಷ, 2016ರಲ್ಲಿ, ನಮ್ಮ ಚಿತ್ರಮಂದಿರಗಳಿಗೆ ಬಂದವು. ಒಂದು ಹೇಮಂತ್ ರಾವ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'. ಮರೆವಿನ ಕಾಯಿಲೆಯ ವೆಂಕೋಬ ರಾವ್ ಕಳೆದುಹೋಗುತ್ತಾರೆ, ಮಗ ಹುಡುಕುತ್ತಾನೆ. ಕಾಣೆಯಾದವರ ಪ್ರಕಟಣೆಯ ಭಾಷೆಯನ್ನೇ ಶೀರ್ಷಿಕೆ ಮಾಡಿದ್ದು ಆ ಸಿನಿಮಾದ ನಿಜವಾದ ವಿಮರ್ಶೆ. ಅಪ್ಪನ ಬಗ್ಗೆ ಮಗನಿಗೆ ಗೊತ್ತಿದ್ದದ್ದು ಆ ಪ್ರಕಟಣೆಯಲ್ಲಿ ಹಿಡಿಸುವಷ್ಟೇ. ಅನಂತನಾಗ್ ಅವರ ಅಭಿನಯದಲ್ಲಿ ಉಳಿದದ್ದೆಲ್ಲ ಇದೆ: ತಾರೀಕು ಮರೆತವನಿಗೂ ಪ್ರೀತಿಸಿದ ಹುಡುಗಿ ನೆನಪಿದ್ದಾಳೆ. ನಮ್ಮ ಮೂವತ್ತು ಅಂಕದ ನಮೂನೆಯೂ ಒಂದು ಥರದ ಗೋಧಿ ಬಣ್ಣ, ಸಾಧಾರಣ ಮೈಕಟ್ಟೇ.

ಇನ್ನೊಂದು ರಾಮ್ ರೆಡ್ಡಿ ಅವರ 'ತಿಥಿ'. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಅವನ ಮಗ ಗಡ್ಡಪ್ಪ, ತಾನೂ ಮುದುಕ, ಊರಾಚೆ ಅಲೆಯುತ್ತ, ಬೀಡಿ ಸೇದುತ್ತ, ಕುಡಿಯುತ್ತ ನಿಶ್ಚಿಂತೆಯಿಂದಿದ್ದಾನೆ. ಜಮೀನಿನ ಬಗ್ಗೆ ಅವನಿಗೆ ಆಸೆಯಿಲ್ಲ, ಸಹಿ ಹಾಕುವ ಆಸಕ್ತಿಯೂ ಇಲ್ಲ. ಅವನ ಮಗ ತಮ್ಮಣ್ಣ ಜಮೀನು ಮಾರಲು ಬದುಕಿರುವ ಅಪ್ಪನ ಮರಣಪತ್ರ ಮಾಡಿಸಲು ಹೊರಡುತ್ತಾನೆ. ಮೊದಲ ನೋಟಕ್ಕೆ ಗಡ್ಡಪ್ಪ ಕಳಚಿಕೊಳ್ಳುವಿಕೆಯ ಸಿದ್ಧಾಂತಕ್ಕೆ ಹೇಳಿ ಮಾಡಿಸಿದ ಉದಾಹರಣೆ. ನಾನೂ ತರಗತಿಯ ಒಂದು ಪ್ರಬಂಧದಲ್ಲಿ ಹಾಗೇ ಬರೆದೆ. ಎರಡನೇ ಸಲ ನೋಡಿದಾಗ ತಪ್ಪು ತಿಳಿಯಿತು. ಕುರಿಗಾಹಿಗಳ ಬಿಡಾರದಲ್ಲಿ, ರಾತ್ರಿ, ಗಡ್ಡಪ್ಪ ತನ್ನ ಕಥೆ ಹೇಳುತ್ತಾನೆ. ತನ್ನ ಸಂಸಾರಕ್ಕೆ ತನ್ನ ಅಪ್ಪನಿಂದಲೇ ಬಿದ್ದ ಏಟನ್ನು ಹೇಳುತ್ತಾನೆ. ಆ ನಿರ್ಲಿಪ್ತತೆ ವಯಸ್ಸಿನಿಂದ ಬಂದದ್ದಲ್ಲ, ಗಾಯದಿಂದ ಬಂದದ್ದು. ಅವನು ಕಳಚಿಕೊಂಡದ್ದು ಮುಪ್ಪಿಗೆ ಎಷ್ಟೋ ವರ್ಷ ಮೊದಲು. ಸಿದ್ಧಾಂತ ಮುಪ್ಪಿನ ಸಹಜ ಗುಣ ಎಂದು ಬರೆದಿಟ್ಟದ್ದರ ಹಿಂದೆ ಒಂದೊಂದು ಮನೆಯಲ್ಲಿ ಒಂದೊಂದು ಕಥೆ ಇರಬಹುದು; ಯಾರಾದರೂ ರಾತ್ರಿ ಬೆಂಕಿ ಹಾಕಿ ಕೂತು ಕೇಳಿದರೆ ಮಾತ್ರ ಅದು ಹೊರಬರುತ್ತದೆ.

ಈ ಸಿನಿಮಾದ ಹಾಸ್ಯದ ಒಳಗೊಂದು ಕಾನೂನಿನ ಸತ್ಯವೂ ಇದೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯಲ್ಲಿ 23ನೇ ಕಲಮು ಇದೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡವರು ಮಾತು ತಪ್ಪಿದರೆ ಆ ಪತ್ರವನ್ನೇ ರದ್ದು ಮಾಡಿಸಲು ಹಿರಿಯರಿಗೆ ಅದು ಅವಕಾಶ ಕೊಡುತ್ತದೆ. ಆರೈಕೆ ಮತ್ತು ಆಸ್ತಿ ಒಂದೇ ಹಗ್ಗದ ಎರಡು ತುದಿ ಎಂದು ಕಾನೂನು ಒಪ್ಪಿಕೊಂಡಿದೆ. ಆಸ್ತಿ ಇಲ್ಲದ ಸಾಕವ್ವ, ಬಾಲವಿಧವೆಯಾಗಿ ಉಳಿದ ಮೂಕಜ್ಜಿ, ಇವರ ಕೈಯಲ್ಲಿ ಆ ಹಗ್ಗದ ಯಾವ ತುದಿಯೂ ಇಲ್ಲ.

ಹಾಗಾದರೆ ಅಳತೆಯೆಲ್ಲ ಸುಳ್ಳು, ಸಾಹಿತ್ಯವೇ ನಿಜ ಎಂದು ಈ ಬರಹವನ್ನು ಮುಗಿಸಬಹುದಿತ್ತು. ನಮ್ಮ ವಿಭಾಗದಲ್ಲಿ ಚಪ್ಪಾಳೆಯೂ ಬೀಳುತ್ತಿತ್ತು. ನನಗೆ ಹಾಗೆ ಹೇಳುವ ಧೈರ್ಯವಿಲ್ಲ. ಅದೇ ಹಳ್ಳಿಯಲ್ಲಿ ನನ್ನ ಸಹಪಾಠಿ ಭೇಟಿಯಾದ ಇನ್ನೊಬ್ಬ ಅಜ್ಜಿಗೂ ಕಡಿಮೆ ಅಂಕ ಬಂದಿತ್ತು. ಅವರಿಗೆ ಮಳೆಯ ಹೆಸರೂ ನೆನಪಿರಲಿಲ್ಲ, ಎದುರು ನಿಂತ ಮಗಳ ಹೆಸರೂ ನೆನಪಿರಲಿಲ್ಲ. ಮನೆಯವರು ಅರಳು ಮರಳು ಎಂದು ಸುಮ್ಮನಿದ್ದರು. ಆ ನಮೂನೆಯ ದೆಸೆಯಿಂದ ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗುವ ಮಾತು ಶುರುವಾಯಿತು. ಅಂಕ ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ. ಅಕ್ಷರ ಬಾರದವರಿಗೆ ಅನ್ಯಾಯವಾಗದಂತೆ ಈ ಪ್ರಶ್ನಾವಳಿಯನ್ನು ತಿದ್ದುವ ಕೆಲಸವೂ ನಡೆದಿದೆ. ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ 1990ರ ದಶಕದಲ್ಲಿ ರೂಪಿಸಿದ ಹಿಂದಿ ಆವೃತ್ತಿ ಅಂಥದ್ದು. ಶಾಸ್ತ್ರಕ್ಕೆ ತನ್ನ ಕುರುಡು ಗೊತ್ತಿಲ್ಲವೆಂದಲ್ಲ. ಆ ಕುರುಡು ಎಲ್ಲಿದೆ ಎಂದು ತೋರಿಸಬಲ್ಲವರು ಆ ಭಾಷೆಯ ಒಳಗಿನವರು. ಕನ್ನಡದಲ್ಲಿ ಆ ಕೆಲಸ ಮಾಡಬೇಕಾದವರಲ್ಲಿ ಸಾಹಿತ್ಯದ ವಿದ್ಯಾರ್ಥಿಗಳೂ ಸೇರುತ್ತಾರೆ ಎಂಬುದು ನನ್ನ ವಾದ. ಮಳೆ ನಕ್ಷತ್ರಗಳ ಲೆಕ್ಕ, ಗಾದೆಗಳ ಲೆಕ್ಕ, ಯಾರ ಮದುವೆಯ ವರ್ಷ ಯಾವ ಕೆರೆ ಒಡೆಯಿತು ಎಂಬ ಲೆಕ್ಕ ನಮಗೆ ಗೊತ್ತಿರಬೇಕಾದದ್ದು.

ಹಾಗೆಯೇ ನಮ್ಮ ವಿಮರ್ಶೆಯೂ ಸ್ವಲ್ಪ ಕೆಳಗಿಳಿಯಬೇಕು. ಮುದುಕ ಮುದುಕಿಯರು ಬಂದ ಕೂಡಲೇ ಪರಂಪರೆ, ಸ್ಮೃತಿ, ಮಣ್ಣು ಎಂದು ಅವರನ್ನು ಪ್ರತಿಮೆ ಮಾಡಿ ಕೂರಿಸುವುದನ್ನು ಬಿಟ್ಟು, ಅವರ ಊಟ ಯಾರು ಹಾಕುತ್ತಾರೆ, ಅವರ ಹೆಸರಿನಲ್ಲಿ ಏನಿದೆ, ಅವರ ಮಾತನ್ನು ಕೇಳುವವರು ಯಾರು, ಎಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದರು ಎಂದು ಕೇಳಿದರೆ ನಮ್ಮ ಕೃತಿಗಳು ಇನ್ನೂ ಬೇರೆ ಬೇರೆ ಬಾಗಿಲು ತೆರೆಯುತ್ತವೆ.

ಪುಷ್ಯ ಮಳೆಯ ಅಜ್ಜಿಯ ನಮೂನೆಯನ್ನು ಹಿಂದಿರುಗಿಸುವ ಮೊದಲು ತಿದ್ದಬಹುದೆ ಎಂದು ನಾನು ಕೇಳಿದ್ದೆ. ನಿಯಮದ ಪ್ರಕಾರ ಅಂಕ ಬದಲಿಸುವಂತಿಲ್ಲ, ಬೇಕಾದರೆ ಷರಾ ಬರೆಯಬಹುದು ಎಂದರು. ಕೆಳಗಿನ ಖಾಲಿ ಜಾಗದಲ್ಲಿ ಬರೆದೆ: ಪುಷ್ಯ ಮಳೆಯ ನಾಲ್ಕನೇ ದಿನ ಎಂದು ಹೇಳಿದ್ದಾರೆ, ಅದು ಸರಿಯಾಗಿದೆ. ಸೊನ್ನೆ ಹಾಗೇ ಉಳಿಯಿತು. ನನ್ನ ಪ್ರಬಂಧದ ಮೊದಲ ಅಧ್ಯಾಯ ಮಾತ್ರ ಆ ಷರಾದಿಂದ ಶುರುವಾಗುತ್ತದೆ.